ಹಗ್ಗ ಬಾವಿಯೊಳಗೆ

ಬಸರಾಳಿನ ಹಾಲಿನ ಡೇರಿಯಲ್ಲಿ ರಾತ್ರಿ ಹತ್ತೂಕಾಲು.
ತೊಳೆದ ಕ್ಯಾನುಗಳು ಬೋರಲು ಮಲಗಿ ಸೋರುತ್ತಿವೆ.
ಮೇಜಿನ ಮೇಲೆ, ಈಗಷ್ಟೇ ಹೊಸದಾಗಿ ಹುಟ್ಟಿದ ಹಳೇ ಕಂಪ್ಯೂಟರು.
ಚೆಂದದ ಗಡಿಯಾರ, ಚೆಂದದ ಬೆಟ್ಟ, ಮೋಡ;
ಮೂಲೆಯಲ್ಲಿ ಮಾತ್ರ ಒಂದು ಪುಟ್ಟ ಭೂಗೋಳ,
ಅದರ ಮೇಲೊಂದು ಅಡ್ಡಗೆರೆ.

"ಆಯ್ತಾ ತಮ್ಮಾ?" ಸೆಕ್ರೆಟರಿ ಬೋರಲಿಂಗಯ್ಯ.
ಆಯಿತು. ಆಗಿಲ್ಲ.
ಮನೆ ಕಟ್ಟಿಯಾಗಿದೆ, ಬಾಗಿಲಿಡುವುದು ಮರೆತಿದೆ.
ಗೋಡೆಯಿಂದಿಳಿದ ವೈರಿನಲ್ಲಿ ನೆಟ್ಟು ಬಂದು
ಹೊಸ್ತಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಿದೆ,
ಒಳಗೆ ಕರೆಯುವವರಿಲ್ಲ.

ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಇಲ್ಲ ಸಾರ್.
ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ.
ಅಲ್ಲಿಗೆ ಹೋಗುವುದಕ್ಕೇ ಡ್ರೈವರ್ ಬೇಕು.
ಹಗ್ಗ ಬಾವಿಯೊಳಗೆ ಬಿದ್ದಿದೆ.

"ಹಂಗಾರೆ ಪಾತಾಳಗರಡಿ ಬುಡಬೇಕು ಕನಪ್ಪಾ."
ತಮಾಷೆಯಲ್ಲ. ಅವರ ಅಟ್ಟದ ಮೇಲೆ ನಿಜಕ್ಕೂ ಇದೆಯಂತೆ,
ಊರಿನ ಎಷ್ಟೋ ಬಿಂದಿಗೆಗಳನ್ನು ಎತ್ತಿ ಎತ್ತಿ
ತುಕ್ಕು ಹಿಡಿದ ಕೊಕ್ಕೆಗೊಂಚಲು.

ನನ್ನದೂ ಒಂದಿತ್ತು: ಪೆನ್‌ಡ್ರೈವು.
ಕಂಡ ಕಂಡ ಕಾರ್ಡಿನ ಡ್ರೈವರೆಲ್ಲ ತುಂಬಿಟ್ಟದ್ದು.
ಅದೀಗ ಮಂಡ್ಯದ ನೂರಡಿ ರಸ್ತೆಯಲ್ಲಿ,
ಬೀಗ ಹಾಕಿದ ಅಂಗಡಿಯ ಡ್ರಾಯರಿನಲ್ಲಿ,
ಯಾರದೋ ಲಗ್ನಪತ್ರಿಕೆಯ ಪ್ರೂಫಿನಡಿ ಮಲಗಿದೆ.
ಕೊನೇ ಬಸ್ಸು ಹೋಗಿ ಗಂಟೆಯಾಯಿತು.
ಬೆಳಗ್ಗೆ ಐದೂವರೆಗೆ ಹಾಲು ಬರುತ್ತದೆ.
ಹಾಲಿಗೆ ಇದೆಲ್ಲ ಹೇಳಿದರೆ ಕೇಳುತ್ತದೆಯೆ?

ಡಿವೈಸ್ ಮ್ಯಾನೇಜರ್ ತೆರೆದೆ.
ಕೀಬೋರ್ಡು, ಮೌಸು, ಸ್ಪೀಕರು, ಎಲ್ಲರೂ ಹೆಸರು ಹೇಳಿ ಕೂತಿದ್ದಾರೆ.
ಕೊನೆಯಲ್ಲೊಬ್ಬ, ಎದೆಗೆ ಹಳದಿ ಚೀಟಿ ಅಂಟಿಸಿಕೊಂಡು ನಿಂತವನು.
ನಮ್ಮ ಕಡೆ ಜಗಲಿಗೆ ಹೊಸಬರು ಬಂದರೆ
ಹೆಸರು ಕೇಳುವುದು ಆಮೇಲೆ,
ಮೊದಲು ಯಾವೂರು, ಯಾರ ಪೈಕಿ.
ಹಾಗೇ ಕೇಳಿದೆ. ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ.
ತಗ್ಗಿದ ದನಿಯಲ್ಲಿ ಹೇಳಿದ:
ವೆನ್ ಒಂದು ಸೊನ್ನೆ ಇ ಸಿ,
ಡೆವ್ ಎಂಟು ಒಂದು ಆರು ಎಂಟು.
ಬೋರಲಿಂಗಯ್ಯ ಕೈಗೆ ಸಿಕ್ಕ ಹಾಲಿನ ಪುಸ್ತಕದಲ್ಲೇ ಬರೆದುಕೊಂಡರು,
ಎಮ್ಮೆಯ ಕಿವಿಬಿಲ್ಲೆಯ ನಂಬರು ಬರೆಯುವಷ್ಟೇ ಗಂಭೀರವಾಗಿ.

ಫೋನು ಸಿಕ್ಕಿಸಿದೆ. ಚಾರ್ಜ್ ಆಯಿತು. ಬರೀ ಚಾರ್ಜ್.
ಬಿಚ್ಚಿದೆ, ಊದಿದೆ, ಹಿಂದಿನ ತೂತಿಗೆ, ಮುಂದಿನ ತೂತಿಗೆ,
ಕಂಪ್ಯೂಟರಿಗೆ ಬೈದೆ, ಕಂಪನಿಗೆ ಬೈದೆ.
ಟೀ ತಂದ ಇಂದ್ರಾಣಿ, ಫ್ಯಾಟ್ ನೋಡುವ ಹುಡುಗಿ,
"ಹಾಟ್‌ಸ್ಪಾಟ್ ಹಾಕಿದ್ರೆ?" ಅಂದಳು.
ಗಾಳಿಯಲ್ಲಿ ಬಂದದ್ದು ಕೇಳಲು ಈ ಡಬ್ಬಕ್ಕೆ ಕಿವಿಯಿಲ್ಲವಮ್ಮ.
ಅವಳು ಕೇಬಲ್ಲನ್ನು ಬೆರಳಲ್ಲಿ ಹೊಸಕಿ ನೋಡಿದಳು,
"ಎಲ್ ತಕಂಡ್ರಿ ಇದ?"
ಸಂತೆಯಲ್ಲಿ, ಮೂವತ್ತು ರೂಪಾಯಿ.
"ಇದು ಅನ್ನ ಹೊರ್ತದೆ ಅಣ್ಣ, ಮಾತು ಹೊರಕಿಲ್ಲ."

ಹದಿನೈದು ವರ್ಷದ ಕಸುಬು
ಟೀ ಲೋಟದ ತಳದಲ್ಲಿ ಚರಟವಾಗಿ ಕೂತಿತು.

ಅವಳ ಫೋನಿನ ಗಾಜು ಒಡೆದು ಜೇಡರ ಬಲೆ,
ಕೇಬಲ್ಲು ಮಾತ್ರ ಡಬ್ಬಿಯ ಜೊತೆ ಬಂದ ಅಸಲಿ.
ಅವಳ ಸಿಮ್ಮಿಗೆ ಟವರ್ ಸಿಗುವುದು ಕಿಟಕಿಯಲ್ಲಷ್ಟೇ,
ಕೇಬಲ್ಲು ಮೊಳದುದ್ದ;
ಫೋನು ಬರದಿದ್ದರೆ ಕಂಪ್ಯೂಟರೇ ಹೋಗಬೇಕು.
ಮೂವರೂ ಸೇರಿ ಮೇಜು ಎತ್ತಿದೆವು,
ಹೆರಿಗೆಗೆ ಬಂದ ಎಮ್ಮೆಯನ್ನು ಸರಿಸುವಂತೆ, ಉಸ್ಸಪ್ಪಾ ಎನ್ನುತ್ತ.

ಆಮೇಲೆ ಕಾಯುವುದು.
ನಾಲ್ಕು ಪರ್ಸೆಂಟು. ರಸ್ತೆಯಲ್ಲಿ ಕಬ್ಬಿನ ಲಾರಿ.
ಹನ್ನೊಂದು. ಒಂದು ನಾಯಿ, ಇನ್ನೊಂದು ನಾಯಿ.
ಹನ್ನೊಂದು.
ಹನ್ನೊಂದು.

ಕೊಕ್ಕೆಗೆ ಏನೋ ತಗುಲಿದಾಗ
ಹಗ್ಗದ ಮೇಲಿನ ತುದಿ ಹಿಡಿದವರಿಗೆ ಮೊದಲು ಗೊತ್ತಾಗುತ್ತದೆ.
ಪರದೆ ಒಮ್ಮೆ ರೆಪ್ಪೆ ಬಡಿಯಿತು.
ಹಳದಿ ಚೀಟಿ ಉದುರಿ ಹೆಸರು ಬಂತು.
ಹಿಂಬದಿಯ ವೈರಿನ ಬುಡದಲ್ಲಿ
ರಾಗಿಕಾಳಿನಷ್ಟು ಹಸಿರು ದೀಪ.
ಬೋರಲಿಂಗಯ್ಯ ಬಗ್ಗಿ ನೋಡಿ, ಮಾತಾಡದೆ, ಕನ್ನಡಕ ಒರೆಸಿಕೊಂಡರು.

ಬೆಳಗ್ಗೆ ಸಾಲಿನ ಮೊದಲಿಗೆ ನಿಂತ ಜವರಮ್ಮ
ಪುಸ್ತಕ ತನ್ನ ಕಡೆ ತಿರುಗಿಸಿಕೊಂಡು ಕೇಳಿದರು:
"ಇದ್ಯಾರ್ ಮನೆ ಎಮ್ಮೆ? ಫ್ಯಾಟೇ ಬರ್ದಿಲ್ಲ."

ಉತ್ತರ ಕೇಳಲು ನಿಲ್ಲಲಿಲ್ಲ, ಬಸ್ಸು ಹಾರನ್ ಹೊಡೆಯುತ್ತಿತ್ತು.
ಶಿವಳ್ಳಿ ದಾಟಿದ ಮೇಲೆ ನೋಡಿಕೊಂಡೆ:
ಜೇಬಿನಲ್ಲಿ ಇಂದ್ರಾಣಿಯ ಕೇಬಲ್ಲು.